ಶಾಲಾ ಮಕ್ಕಳ ಬಾಲ್ಯಾಘಾತದ ಮೇಲೆ ಪಿಎಚ್‌ಡಿ: ಸಿನಾಪ್ಸಿಸ್‌ಗೆ ಮುಂಚೆ ಏನು ಸಿದ್ಧವಿರಬೇಕು?

ಪ್ರಶ್ನೆ: ಶಿವಮೊಗ್ಗದಲ್ಲಿ ಮನಃಶಾಸ್ತ್ರದ ಎಂ.ಎ. ಮುಗಿಸಿದ್ದೇನೆ. ಬಾಲ್ಯದಲ್ಲಿ ಅನುಭವಿಸಿದ ಹಿಂಸೆ, ನಿರ್ಲಕ್ಷ್ಯಕ್ಕೂ ಹದಿಹರೆಯದ ಖಿನ್ನತೆಗೂ ಇರುವ ನಂಟಿನ ಮೇಲೆ ಪಿಎಚ್‌ಡಿ ಮಾಡಬೇಕೆಂದಿದ್ದೇನೆ. ಐದು ಸರ್ಕಾರಿ ಪ್ರೌಢಶಾಲೆಗಳ 300 ಮಕ್ಕಳಿಗೆ ಬಾಲ್ಯದ ಪ್ರತಿಕೂಲ ಅನುಭವ ಕೇಳುವ ಎಸಿಇ ಪ್ರಶ್ನಾವಳಿ ಮತ್ತು ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಕೊಟ್ಟು, ಒಂದೇ ಪೀರಿಯಡ್‌ನಲ್ಲಿ ತುಂಬಿಸಿಕೊಂಡು ಬರಬಹುದು ಎಂದು ಸೀನಿಯರ್‌ಗಳು ಹೇಳುತ್ತಾರೆ. ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಬರೆಯುವ ಮುಂಚೆ ಏನೇನು ತಿಳಿದಿರಬೇಕು? ಇಂಥ ಕಥೆಗಳನ್ನು ದಿನವೂ ಕೇಳಿದರೆ ನನ್ನ ಮನಸ್ಸು ತಡೆದೀತೇ ಎಂಬ ಅಳುಕೂ ಇದೆ.

ಉತ್ತರ: ವಿಷಯ ಒಳ್ಳೆಯದು. ಆದರೆ ನಿಮ್ಮ ಯೋಜನೆಯಲ್ಲಿ ಮಗುವಿಗೆ ಏನು ಕೇಳಬೇಕು ಎಂಬುದಷ್ಟೇ ಇದೆ, ಮಗು ಉತ್ತರ ಕೊಟ್ಟ ಮೇಲೆ ನೀವು ಏನು ಮಾಡುತ್ತೀರಿ ಎಂಬುದಿಲ್ಲ. ಎಂಟನೇ ತರಗತಿಯ ಹುಡುಗಿಯೊಬ್ಬಳು ಮನೆಯೊಳಗಿನ ಲೈಂಗಿಕ ಹಿಂಸೆಯ ಪ್ರಶ್ನೆಗೆ ‘ಹೌದು’ ಎಂದು ಗುರುತು ಹಾಕಿದಳು ಅನ್ನಿ. ಅವತ್ತು ಸಂಜೆ ಅವಳು ಹೋಗುವುದು ಅದೇ ಮನೆಗೆ. ನೀವು ಹಾಳೆಗಳನ್ನು ಬ್ಯಾಗಿಗೆ ತುಂಬಿಕೊಂಡು ಬಸ್ಸು ಹತ್ತಿ, ಎರಡು ವಾರದ ನಂತರ ಎಕ್ಸೆಲ್‌ಗೆ ಏರಿಸುವಾಗ ಅದನ್ನು ನೋಡುತ್ತೀರಿ. ಹೀಗಾಗುವ ಸಾಧ್ಯತೆಯಿರುವ ಯೋಜನೆಯನ್ನು ಸಂಶೋಧನೆಯ ನೈತಿಕತೆ ಪರಿಶೀಲಿಸುವ ಯಾವ ಎಥಿಕ್ಸ್ ಸಮಿತಿಯೂ ಒಪ್ಪಬಾರದು. ಹಾಗಾಗಿ ಸಿನಾಪ್ಸಿಸ್ಸನ್ನು ಕೊನೆಯಿಂದ ಬರೆಯಲು ಶುರು ಮಾಡಿ. ಮಗು ಹೇಳಿದ ಮೇಲೆ ಅದು ಯಾರ ಬಳಿಗೆ, ಎಷ್ಟು ಹೊತ್ತಿನೊಳಗೆ ಹೋಗುತ್ತದೆ ಎಂಬುದು ಮೊದಲು ನಿಶ್ಚಯವಾಗಲಿ, ಪ್ರಶ್ನಾವಳಿಯ ಆಯ್ಕೆ ಆಮೇಲೆ.

ಕಾನೂನಿನಿಂದ ಆರಂಭಿಸೋಣ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದವರು ಯಾರೇ ಆಗಿರಲಿ, ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ಇಲ್ಲವೇ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಕಲಂ 19. ತಿಳಿಸದಿದ್ದರೆ ಕಲಂ 21ರಡಿ ಆರು ತಿಂಗಳವರೆಗೆ ಸಜೆ ಅಥವಾ ದಂಡ ಅಥವಾ ಎರಡೂ. ಸಂಶೋಧಕರಿಗೆ ಇದರಲ್ಲಿ ವಿನಾಯಿತಿ ಇಲ್ಲ. ಸದ್ಭಾವನೆಯಿಂದ ತಿಳಿಸಿದವರಿಗೆ ಅದೇ ಕಲಂ 19 ರಕ್ಷಣೆಯನ್ನೂ ಕೊಡುತ್ತದೆ. ಆದ್ದರಿಂದ ‘ನೀನು ಬರೆದದ್ದು ಯಾರಿಗೂ ಗೊತ್ತಾಗುವುದಿಲ್ಲ’ ಎಂದು ಮಗುವಿಗೆ ಮಾತು ಕೊಡುವ ಹಕ್ಕು ನಿಮಗಿಲ್ಲ. ಹೇಳಬಹುದಾದ್ದು ಇಷ್ಟು: ‘ನೀನು ಬರೆದದ್ದನ್ನು ಮೇಷ್ಟ್ರಿಗಾಗಲಿ ಅಪ್ಪ ಅಮ್ಮನಿಗಾಗಲಿ ತೋರಿಸುವುದಿಲ್ಲ. ಆದರೆ ನಿನಗೆ ಅಪಾಯ ಇದೆ ಅನ್ನಿಸಿದರೆ ನಿನ್ನನ್ನು ಕಾಪಾಡಬಲ್ಲವರಿಗೆ ಹೇಳಬೇಕಾಗುತ್ತದೆ. ಹೇಳುವ ಮುಂಚೆ ನಿನ್ನ ಹತ್ತಿರ ಮಾತಾಡುತ್ತೇವೆ.’ ಪ್ರಶ್ನಾವಳಿ ಹಂಚುವ ಮೊದಲೇ ಈ ಮಾತು ಆಗಿರಬೇಕು. ಇದನ್ನು ಹೇಳಿದರೆ ಮಕ್ಕಳು ಬಾಯಿ ಬಿಡುವುದಿಲ್ಲ ಎಂದು ನಿಮ್ಮ ಗೈಡ್ ಅನ್ನಬಹುದು. ಕೆಲವರು ಬಿಡದೇ ಇರಬಹುದು ನಿಜ. ಆ ನಷ್ಟವನ್ನು ಒಪ್ಪಿಕೊಂಡು ಥೀಸಿಸ್‌ನಲ್ಲಿ ಮಿತಿ ಎಂದು ದಾಖಲಿಸಿ. ಮಗುವಿಗೆ ಸುಳ್ಳು ಭರವಸೆ ಕೊಟ್ಟು ಪಡೆದ ಅಂಕಿಸಂಖ್ಯೆ ನಮಗೆ ಬೇಡ.

ಹೆಸರೇ ಬರೆಸದಿದ್ದರೆ ಈ ತೊಡಕು ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾವಿನ, ಸ್ವಹಾನಿಯ ಯೋಚನೆಯದು. ಅದಕ್ಕೆ ‘ಹೆಚ್ಚುಕಡಿಮೆ ದಿನವೂ’ ಎಂದು ಗುರುತು ಹಾಕಿದ ಮಗು ಯಾವುದು ಎಂದೇ ತಿಳಿಯದ ಹಾಗೆ ಅಧ್ಯಯನ ರೂಪಿಸುವುದು ಸರಿಯಲ್ಲ. ಪೂರ್ಣ ಅನಾಮಧೇಯವೇ ಬೇಕಿದ್ದರೆ ಆ ಪ್ರಶ್ನೆಯಿಲ್ಲದ ಪಿಎಚ್‌ಕ್ಯೂ-8 ಬಳಸಿ, ಹಿಂಸೆಯ ವಿವರ ಕೇಳುವ ಪ್ರಶ್ನೆಗಳನ್ನೂ ಬಿಡಿ. ಇಲ್ಲವಾದರೆ ಹಾಳೆಯ ಮೇಲೆ ಕೋಡ್ ಸಂಖ್ಯೆ ಮಾತ್ರ ಇರಲಿ. ಕೋಡಿಗೂ ಹೆಸರಿಗೂ ಹೊಂದಿಸುವ ಪಟ್ಟಿ ಬೇರೆ ಕಡೆ, ಪಾಸ್‌ವರ್ಡ್ ಹಾಕಿದ ಫೈಲಿನಲ್ಲಿ, ನಿಮ್ಮ ಮತ್ತು ಗೈಡ್ ಇಬ್ಬರ ಕೈಯಲ್ಲಷ್ಟೇ ಇರಲಿ.

ಈಗ ‘ಎಲ್ಲಿಗೆ ಕಳಿಸುವುದು’ ಎಂಬ ಪಟ್ಟಿ. ‘ಅಗತ್ಯವಿದ್ದವರನ್ನು ಕೌನ್ಸೆಲಿಂಗ್‌ಗೆ ಕಳಿಸಲಾಗುವುದು’ ಎಂಬ ಒಂದೇ ಸಾಲನ್ನು ಎಷ್ಟೋ ಸಿನಾಪ್ಸಿಸ್‌ಗಳಲ್ಲಿ ಕಾಣುತ್ತೇವೆ. ಅದು ಸಾಲದು. ಶಾಲೆಯಿರುವ ತಾಲ್ಲೂಕಿನಲ್ಲಿ ಮನೋವೈದ್ಯರು ಯಾವ ವಾರ, ಎಷ್ಟು ಗಂಟೆಗೆ ಸಿಗುತ್ತಾರೆ? ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸುವ ವ್ಯವಸ್ಥೆ ಕರ್ನಾಟಕದಲ್ಲಿದೆ. ನಿಮ್ಮ ತಾಲ್ಲೂಕಿನಲ್ಲಿ ಅದು ನಡೆಯುತ್ತಿದೆಯೇ ಎಂದು ಸ್ವತಃ ಹೋಗಿ ನೋಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮತ್ತು ಮಕ್ಕಳ ಕಲ್ಯಾಣ ಸಮಿತಿಯವರನ್ನು ಮೊದಲೇ ಕಂಡು, ಅಧ್ಯಯನದ ದಿನಾಂಕಗಳನ್ನು ತಿಳಿಸಿ, ಸಹಕರಿಸುತ್ತೇವೆ ಎಂಬ ಪತ್ರ ತನ್ನಿ. ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಇವೆರಡು ಸಂಖ್ಯೆಗಳಿರುವ ಚಿಕ್ಕ ಚೀಟಿಯನ್ನು ತೊಂದರೆ ಇದೆ ಎಂದವರಿಗಷ್ಟೇ ಅಲ್ಲ, ತರಗತಿಯ ಎಲ್ಲರಿಗೂ ಕೊಡಿ. ಒಬ್ಬಿಬ್ಬರ ಕೈಯಲ್ಲಿ ಮಾತ್ರ ಚೀಟಿ ಕಂಡರೆ ಉಳಿದವರಿಗೆ ಅರ್ಥವಾಗಿಬಿಡುತ್ತದೆ.

ಇಷ್ಟೆಲ್ಲ ಆದ ಮೇಲೂ ನನ್ನ ಅಭಿಪ್ರಾಯ ಕೇಳುವುದಾದರೆ, ಮೊದಲ ಸಂಶೋಧನೆಯಲ್ಲೇ ಒಬ್ಬರೇ ಹೋಗಿ 13–15ರ ಮಕ್ಕಳಿಗೆ ಮನೆಯ ಹಿಂಸೆಯ ಪಟ್ಟಿ ಕೊಡಬೇಡಿ. ನೀವು ಆರಿಸಿದ ಸಾಧನವೂ ಆ ವಯಸ್ಸಿಗೆ ಆದದ್ದಲ್ಲ. ಎಸಿಇ ಅಧ್ಯಯನ ನಡೆದದ್ದು ಅಮೆರಿಕದ ಸ್ಯಾನ್ ಡಿಯಾಗೊದ ಕೈಸರ್ ಪರ್ಮನೆಂಟೆ ಆರೋಗ್ಯ ಸಂಸ್ಥೆಯಲ್ಲಿ. ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಮೊದಲ ವರದಿಯಲ್ಲಿ 9,508 ಮಂದಿ ಅಂಚೆಯಲ್ಲಿ ಬಂದ ಪ್ರಶ್ನಾವಳಿಗೆ ಉತ್ತರಿಸಿದ್ದರು. ಅವರ ಸರಾಸರಿ ವಯಸ್ಸು 56. ಮಧ್ಯವಯಸ್ಸು ದಾಟಿದವರು ತಮ್ಮ ಬಾಲ್ಯವನ್ನು ನೆನೆದು ಬರೆದದ್ದು ಅದು. ನಾಲ್ಕು ಅಥವಾ ಹೆಚ್ಚು ಬಗೆಯ ಪ್ರತಿಕೂಲ ಅನುಭವ ಇದ್ದವರಲ್ಲಿ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆ ಯತ್ನದಂಥ ಅಪಾಯಗಳು 4ರಿಂದ 12 ಪಟ್ಟು ಹೆಚ್ಚಿದ್ದವು. ಇದು ಗುಂಪಿನ ಸರಾಸರಿ, ಒಬ್ಬ ವ್ಯಕ್ತಿಯ ಭವಿಷ್ಯ ಹೇಳುವ ಅಂಕವಲ್ಲ. ಎಸಿಇ ಅಂಕವನ್ನು ಒಬ್ಬೊಬ್ಬರ ಅಪಾಯ ಅಳೆಯಲು ಬಳಸುವುದು ತಪ್ಪು ಎಂದು ಆಂಡಾ ಅವರೇ ಸಹಲೇಖಕರೊಂದಿಗೆ 2020ರಲ್ಲಿ ಬರೆದರು. ‘ಈ ಮಗುವಿನ ಅಂಕ 5, ಆದ್ದರಿಂದ ಅಪಾಯದಲ್ಲಿದೆ’ ಎಂದು ಶಾಲೆಗೆ ವರದಿ ಕೊಡುವ ಯೋಚನೆಯಿದ್ದರೆ ಇವತ್ತೇ ಬಿಡಿ.

ವಿಶ್ವ ಆರೋಗ್ಯ ಸಂಸ್ಥೆಯ ಎಸಿಇ-ಐಕ್ಯೂ ಎಂಬ ಅಂತರರಾಷ್ಟ್ರೀಯ ಪ್ರಶ್ನಾವಳಿ ನಮ್ಮಂಥ ದೇಶಗಳಿಗೆ ಹೆಚ್ಚು ಹೊಂದುತ್ತದೆ. ಸಹಪಾಠಿಗಳ ಕಾಟ, ಬೀದಿಯ ಹಿಂಸೆ, ಗಲಭೆ ಯುದ್ಧಗಳ ಅನುಭವವೂ ಸೇರಿ ಅದರಲ್ಲಿ 13 ಬಗೆಗಳಿವೆ. ಅದೂ 18 ತುಂಬಿದವರಿಗೆಂದೇ ಮಾಡಿದ್ದು. ಆದ್ದರಿಂದ ನಿಮಗೆ ಎರಡು ದಾರಿ ಕಾಣುತ್ತವೆ. ಒಂದು, ಪದವಿ ಕಾಲೇಜಿನ 18–21ರ ವಿದ್ಯಾರ್ಥಿಗಳಲ್ಲಿ ಎಸಿಇ-ಐಕ್ಯೂ ಮತ್ತು ಪಿಎಚ್‌ಕ್ಯೂ-9 ಬಳಸುವುದು. ಅವರು ಸ್ವತಃ ಒಪ್ಪಿಗೆ ಕೊಡಬಲ್ಲರು. ಇನ್ನೊಂದು, ಮಕ್ಕಳನ್ನೇ ಅಧ್ಯಯನ ಮಾಡಬೇಕೆಂದಿದ್ದರೆ ಎಲ್ಲರಿಗೂ ಗೊತ್ತಿರುವ ಒಂದು ಘಟನೆಯನ್ನು ಆರಿಸಿಕೊಳ್ಳುವುದು. ಕೊಡಗಿನಲ್ಲಿ ಆಗಸ್ಟ್ 2018ರಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡ ಕುಟುಂಬಗಳಂಥ ಸಂದರ್ಭದಲ್ಲಿ ಏನಾಯಿತು ಎಂದು ಮಗುವನ್ನು ಕೆದಕಬೇಕಿಲ್ಲ. ಈಗ ಅದರ ಪರಿಣಾಮ ಏನು ಎಂಬುದನ್ನು, ಘಟನೆಯ ನೆನಪು ಎಷ್ಟು ಕಾಡುತ್ತಿದೆ ಎಂದು ಕೇಳುವ ಎಂಟು ಪ್ರಶ್ನೆಗಳ ಸಿಆರ್‌ಐಇಎಸ್-8 ಮತ್ತು ಭಾವನೆ, ನಡವಳಿಕೆಯ ತೊಂದರೆ ಕೇಳುವ 25 ಪ್ರಶ್ನೆಗಳ ಎಸ್‌ಡಿಕ್ಯೂ ಸಾಕಷ್ಟು ಹೇಳುತ್ತವೆ. ಎಸ್‌ಡಿಕ್ಯೂವಿನ ಸ್ವಯಂ ಉತ್ತರಿಸುವ ರೂಪ 11–17ರ ವಯಸ್ಸಿಗೆ. ಅದಕ್ಕೆ ಕಾಪಿರೈಟ್ ಇದೆ, ಪದ ಬದಲಿಸುವಂತಿಲ್ಲ, ಗೂಗಲ್ ಫಾರ್ಮ್‌ಗೆ ಅನುಮತಿಯಿಲ್ಲದೆ ಹಾಕುವಂತಿಲ್ಲ. ಬಾಲ್ಯದ ದೌರ್ಜನ್ಯ, ನಿರ್ಲಕ್ಷ್ಯ ಅಳೆಯುವ 28 ಪ್ರಶ್ನೆಗಳ ಸಿಟಿಕ್ಯೂ ಎಂಬ ಹೆಸರಾದ ಪ್ರಶ್ನಾವಳಿಯನ್ನು ಪ್ರಕಾಶಕರಿಂದ ಹಣ ಕೊಟ್ಟೇ ಪಡೆಯಬೇಕು. ಇಂಟರ್ನೆಟ್ಟಿನಲ್ಲಿ ಸಿಗುವ ಪಿಡಿಎಫ್ ಬಳಸಿದರೆ ಪ್ರಬಂಧ ಪ್ರಕಟಿಸುವ ಹೊತ್ತಿಗೆ ಸಿಕ್ಕಿಬೀಳುತ್ತೀರಿ.

ದೊಡ್ಡವರು ನೆನೆದು ಹೇಳುವುದನ್ನು ಎಷ್ಟು ನಂಬಬಹುದು ಎಂಬುದು ನಿಮ್ಮ ವೈವಾದಲ್ಲಿ ಬರುವ ಪ್ರಶ್ನೆ. 2019ರಲ್ಲಿ ಬಾಲ್ಡ್‌ವಿನ್ ಮತ್ತು ಸಂಗಡಿಗರು 16 ಅಧ್ಯಯನಗಳ 25,471 ಜನರ ಮಾಹಿತಿ ಒಟ್ಟುಗೂಡಿಸಿ, ಬಾಲ್ಯದಲ್ಲೇ ದಾಖಲಾದ ದೌರ್ಜನ್ಯವನ್ನು ಅದೇ ಜನ ದೊಡ್ಡವರಾಗಿ ಹೇಳಿದ್ದರ ಜೊತೆ ತಾಳೆ ನೋಡಿದರು. ಹೊಂದಾಣಿಕೆಯ ಅಳತೆಯಾದ ಕಪ್ಪಾ (ಪೂರ್ತಿ ತಾಳೆಯಾದರೆ 1) ಬರೀ 0.19. ದಾಖಲೆಯಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದೊಡ್ಡವರಾದ ಮೇಲೆ ಅದನ್ನು ಹೇಳಲಿಲ್ಲ. ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ದಾಖಲೆ ಇರಲಿಲ್ಲ. ಇದರರ್ಥ ಜನ ಸುಳ್ಳು ಹೇಳುತ್ತಾರೆ ಎಂದಲ್ಲ. ಬಹಳಷ್ಟು ದೌರ್ಜನ್ಯ ಯಾವ ಕಡತಕ್ಕೂ ಸೇರುವುದೇ ಇಲ್ಲ, ಕೆಲವರು ಮರೆಯುತ್ತಾರೆ, ಕೆಲವರು ಹೇಳಲು ಬಯಸುವುದಿಲ್ಲ. ಎರಡು ವಿಧಾನಗಳೂ ಬೇರೆ ಬೇರೆ ಜನರನ್ನು ಹಿಡಿಯುತ್ತವೆ. ಮುಂದೆ ಡನೀಸ್ ಮತ್ತು ವೈಡಮ್ 2020ರಲ್ಲಿ ತೋರಿಸಿದಂತೆ ಮಾನಸಿಕ ಕಾಯಿಲೆಯ ಜೊತೆ ಹೆಚ್ಚು ಗಟ್ಟಿಯಾಗಿ ನಂಟಿರುವುದು ನ್ಯಾಯಾಲಯದ ದಾಖಲೆಗಿಂತ ವ್ಯಕ್ತಿ ತನ್ನ ಅನುಭವವನ್ನು ಹೇಗೆ ಹೇಳಿಕೊಳ್ಳುತ್ತಾನೆ ಎಂಬುದು. ನಿಮ್ಮ ಥೀಸಿಸ್‌ನಲ್ಲಿ ‘ಬಾಲ್ಯಾಘಾತದ ಪರಿಣಾಮ’ ಎಂದು ಬರೆಯುವ ಬದಲು ‘ವರದಿ ಮಾಡಿದ ಬಾಲ್ಯಾಘಾತದೊಂದಿಗಿನ ನಂಟು’ ಎಂದು ಬರೆಯಲು ಇದೇ ಕಾರಣ.

300 ಎಂಬ ಸಂಖ್ಯೆ ಎಲ್ಲಿಂದ ಬಂತು? ಬಹುಶಃ ಸೀನಿಯರ್‌ಗಳ ಥೀಸಿಸ್‌ನಿಂದ. ಲೆಕ್ಕ ಹಾಕಿ ನೋಡೋಣ. ಖಿನ್ನತೆಯ ಲಕ್ಷಣ ಶೇ 20 ಇರಬಹುದು ಎಂದುಕೊಂಡು, ಶೇ 4ರಷ್ಟು ಆಚೀಚೆ ನಿಖರತೆ ಬೇಕೆಂದರೆ ಸಾಮಾನ್ಯ ಸೂತ್ರದಂತೆ 384 ಮಂದಿ ಬೇಕು. ಆದರೆ ಒಂದೇ ತರಗತಿಯ ಮಕ್ಕಳು ಒಬ್ಬರಿಗೊಬ್ಬರು ಹೋಲುತ್ತಾರೆ, ಒಂದೇ ಊರು, ಅವರೇ ಮೇಷ್ಟ್ರು. ಈ ಹೋಲಿಕೆಯನ್ನು ಅಳೆಯುವ ಐಸಿಸಿ 0.05 ಎಂದಿಟ್ಟುಕೊಂಡರೂ, ತರಗತಿಗೆ 30 ಮಕ್ಕಳಂತೆ ಡಿಸೈನ್ ಎಫೆಕ್ಟ್ (ಸಂಖ್ಯೆಯನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಎಂಬುದು) 1 + 29 × 0.05, ಅಂದರೆ 2.45. ಆಗ 384 ಹೋಗಿ 941 ಆಗುತ್ತದೆ. ಗೈರು, ಅರ್ಧಂಬರ್ಧ ಉತ್ತರದಿಂದ ಶೇ 15 ಮಂದಿ ಕಳೆದುಹೋಗುತ್ತಾರೆ ಎಂದಿಟ್ಟುಕೊಂಡರೆ 1,107, ಹತ್ತಿರ ಹತ್ತಿರ 37 ತರಗತಿಗಳು. ಹಿಂದಿನಿಂದ ನೋಡಿದರೆ, ನಿಮ್ಮ 300 ಮಕ್ಕಳು ಕೊಡುವ ಮಾಹಿತಿ ಸುಮಾರು 122 ಮಂದಿಯದಕ್ಕೆ ಸಮ. ಶೇ 20 ಎಂದು ಬಂದ ಉತ್ತರ ನಿಜದಲ್ಲಿ 13 ಇರಬಹುದು, 27 ಇರಬಹುದು. ‘ಜಿಲ್ಲೆಯಲ್ಲಿ ಇಷ್ಟು ಮಕ್ಕಳಿಗೆ ಖಿನ್ನತೆ’ ಎಂಬ ಪ್ರಶ್ನೆ ಒಬ್ಬ ವಿದ್ಯಾರ್ಥಿಯ ಕೈಗೆ ನಿಲುಕುವಂಥದ್ದಲ್ಲ. ಆ ಕೆಲಸಕ್ಕೆ ದೊಡ್ಡ ತಂಡಗಳಿವೆ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ 13–17ರ ವಯಸ್ಸಿನಲ್ಲಿ ಶೇ 7.3ರಷ್ಟು ಮಾನಸಿಕ ಕಾಯಿಲೆ ಇದೆ ಎಂದಿತು, ಅದರ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ದೇಶದ ಏಳು ಕೇಂದ್ರಗಳಲ್ಲಿ 6–23ರ ವಯಸ್ಸಿನವರನ್ನು ಅಧ್ಯಯನ ಮಾಡುವ ಸಿ-ವೇದ ಯೋಜನೆಯಲ್ಲಿ ಬೆಂಗಳೂರು, ಮೈಸೂರು ಇವೆ. ಅಂಥ ತಂಡದಲ್ಲಿ ಸಂಶೋಧನಾ ಸಹಾಯಕರಾಗಿ ಒಂದು ವರ್ಷ ದುಡಿಯುವ ಅವಕಾಶ ಸಿಕ್ಕರೆ ಪಿಎಚ್‌ಡಿಗೆ ಮುಂಚೆ ಅದನ್ನು ಮಾಡಿ.

ಪ್ರಶ್ನಾವಳಿಯ ಕನ್ನಡದ ಬಗ್ಗೆ ಹೆಚ್ಚು ಹೊತ್ತು ಕೊಡಿ, ಬಹಳ ಥೀಸಿಸ್‌ಗಳು ಇಲ್ಲೇ ಸೊರಗುತ್ತವೆ. ಇಬ್ಬರು ಪ್ರತ್ಯೇಕವಾಗಿ ಕನ್ನಡಕ್ಕೆ ತರಲಿ, ಇಬ್ಬರದನ್ನೂ ಕೂಡಿಸಿ ಒಂದು ಮಾಡಿ, ಮೂಲ ನೋಡದ ಮೂರನೆಯವರು ಇಂಗ್ಲಿಷಿಗೆ ಮರಳಿಸಲಿ. ಇಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು. ಮುಂದಿನ ಹೆಜ್ಜೆ ಮುಖ್ಯ. ನೀವು ಅಧ್ಯಯನ ಮಾಡಲಿರುವ ವಯಸ್ಸಿನ, ಅದೇ ಸೀಮೆಯ ಎಂಟು ಹತ್ತು ಮಂದಿಯನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಪ್ರತಿ ಪ್ರಶ್ನೆಗೂ ‘ಇದನ್ನು ಓದಿದಾಗ ಏನು ಕೇಳುತ್ತಿದ್ದಾರೆ ಅನ್ನಿಸಿತು?’ ಎಂದು ಕೇಳಿ. ‘ಬೇಜಾರು’ ಎಂದರೆ ಒಬ್ಬರಿಗೆ ದುಃಖ, ಇನ್ನೊಬ್ಬರಿಗೆ ಹೊತ್ತು ಹೋಗದಿರುವುದು. ಸಾಗರದ ಹುಡುಗಿಗೆ ತಿಳಿದ ಮಾತು ಸಿಂಧನೂರಿನ ಹುಡುಗನಿಗೆ ಹೊಸದು. ಇದಕ್ಕಿಂತ ಗಂಭೀರವಾದದ್ದು ನಿರ್ಲಕ್ಷ್ಯದ ಪ್ರಶ್ನೆಗಳು. ಎಸಿಇ-ಐಕ್ಯೂ ಕೇಳುವುದು ‘ಕೊಡಲು ಸಾಧ್ಯವಿದ್ದೂ ಸಾಕಷ್ಟು ಊಟ ಕೊಡಲಿಲ್ಲವೇ’ ಎಂದು. ಅನುವಾದದಲ್ಲಿ ‘ಸಾಧ್ಯವಿದ್ದೂ’ ಬಿದ್ದುಹೋದರೆ ಬಡವರ ಮಕ್ಕಳೆಲ್ಲ ನಿರ್ಲಕ್ಷಿತರ ಪಟ್ಟಿಗೆ ಸೇರುತ್ತಾರೆ, ಬಡ ತಾಯ್ತಂದೆಯರಿಗೆ ಇದರಿಂದ ಆಗುವ ಅನ್ಯಾಯ ಸಣ್ಣದಲ್ಲ. ಅಪ್ಪ ಅಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ, ಅಜ್ಜಿಯ ಬಳಿ ಬೆಳೆದವರಿಗೆ ‘ಪೋಷಕರ ಅಗಲಿಕೆ’ಯ ಪ್ರಶ್ನೆ ಹೊಂದುವುದಿಲ್ಲ. ಅದಕ್ಕೆ ನೀವೇ ಬೇರೆ ಪ್ರಶ್ನೆ ಸೇರಿಸಿ, ಅಂಕಕ್ಕೆ ಕೂಡಿಸದೆ ಪ್ರತ್ಯೇಕವಾಗಿ ವಿಶ್ಲೇಷಿಸಿ.

18ರೊಳಗಿನವರಾದರೆ ಒಪ್ಪಿಗೆಯ ಕೆಲಸವೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಪೋಷಕರ ಲಿಖಿತ ಒಪ್ಪಿಗೆಯ ಜೊತೆ 7–11ರ ಮಗುವಿನ ಬಾಯಿಮಾತಿನ ಸಮ್ಮತಿ, 12–18ರ ಮಗುವಿನ ಲಿಖಿತ ಸಮ್ಮತಿ ಬೇಕು. ಓದಲು ಬಾರದ ಪೋಷಕರಾದರೆ ಹೆಬ್ಬೆಟ್ಟಿನ ಜೊತೆ ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯ ಸಹಿ. ಬಿಇಒ ಅಥವಾ ಡಿಡಿಪಿಐ ಅನುಮತಿ ಪತ್ರ ಶಾಲೆಯ ಬಾಗಿಲು ತೆರೆಸುತ್ತದೆ ಅಷ್ಟೆ, ಪೋಷಕರ ಸಹಿಗೆ ಬದಲಾಗುವುದಿಲ್ಲ. ಮುಖ್ಯೋಪಾಧ್ಯಾಯರ ಸಹಿಯೂ ಅಷ್ಟೇ, ಹಾಸ್ಟೆಲ್ ವಾರ್ಡನ್ ಸಹಿಯೂ ಅಷ್ಟೇ. ಮಗುವಿನ ಕೈಯಲ್ಲಿ ಮನೆಗೆ ಕಳಿಸಿದ ಫಾರಂಗಳಲ್ಲಿ ಬಹಳಷ್ಟು ವಾಪಸ್ ಬರುವುದಿಲ್ಲ. ಬಾರದ ಮನೆಗಳೇ ನಿಮ್ಮ ಅಧ್ಯಯನಕ್ಕೆ ಹೆಚ್ಚು ಬೇಕಾದವು ಆಗಿರಬಹುದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಕರೆಸಿ, ಪತ್ರವನ್ನು ಗಟ್ಟಿಯಾಗಿ ಓದಿ, ಪ್ರಶ್ನೆಗಳಿಗೆ ಉತ್ತರಿಸಿ ಅಲ್ಲೇ ಸಹಿ ಪಡೆಯಿರಿ. ಪತ್ರದ ತಲೆಬರಹ ‘ಮಕ್ಕಳ ಮೇಲಿನ ದೌರ್ಜನ್ಯದ ಅಧ್ಯಯನ’ ಎಂದಿರಬಾರದು, ಹೊಡೆಯುವ ಅಪ್ಪ ಅದನ್ನೋದಿ ಮಗುವನ್ನೇ ವಿಚಾರಣೆಗೆ ಎಳೆಯುತ್ತಾನೆ. ‘ಹದಿಹರೆಯದವರ ಆರೋಗ್ಯ ಮತ್ತು ಬದುಕಿನ ಅನುಭವ’ ಎಂದಿರಲಿ, ಒಳಗೆ ಮನೆ, ಶಾಲೆಯ ಕಷ್ಟದ ಅನುಭವಗಳನ್ನೂ ಕೇಳುತ್ತೇವೆ ಎಂದು ಸ್ಪಷ್ಟವಾಗಿರಲಿ. ಬಾಲಮಂದಿರದ ಮಕ್ಕಳಾದರೆ ಮಕ್ಕಳ ಕಲ್ಯಾಣ ಸಮಿತಿಯ ಬಳಿಗೇ ಹೋಗಬೇಕು. ಅವರ ಗುರುತು ಬಹಿರಂಗವಾಗುವುದನ್ನು 2015ರ ಬಾಲನ್ಯಾಯ ಕಾಯ್ದೆಯ ಕಲಂ 74 ನಿಷೇಧಿಸುತ್ತದೆ. ಶಿಕ್ಷಕರು ಹೊಡೆಯುವುದರ ಬಗ್ಗೆ ಪ್ರಶ್ನೆಯಿದ್ದರೆ ಮುಖ್ಯೋಪಾಧ್ಯಾಯರು ಅದನ್ನು ತೆಗೆಯಲು ಹೇಳುವ ಸಂಭವ ಹೆಚ್ಚು. ಶಾಲಾವಾರು ಫಲಿತಾಂಶ ಎಲ್ಲೂ ಪ್ರಕಟಿಸುವುದಿಲ್ಲ ಎಂದು ಬರೆದುಕೊಡಿ, ಪ್ರಶ್ನೆ ಉಳಿಸಿಕೊಳ್ಳಿ. ಒಪ್ಪದಿದ್ದರೆ ಆ ಶಾಲೆ ಬಿಡಿ.

ಇಷ್ಟಾಗಿಯೂ ಶಾಲಾ ಮಕ್ಕಳಿಗೇ ಪ್ರಶ್ನಾವಳಿ ಕೊಡುವುದಾದರೆ, ತರಗತಿಯಲ್ಲಿ ಕೂತ ದಿನದ ಕ್ರಮ ಹೀಗಿರಲಿ. ಎರಡು ಪೀರಿಯಡ್ ಕೇಳಿ, 45 ನಿಮಿಷದಲ್ಲಿ 70 ಪ್ರಶ್ನೆ ಓದಿ ಯೋಚಿಸಿ ಬರೆಯುವುದು ಎಂಟನೇ ತರಗತಿಯವರಿಗೆ ಆಗದ ಮಾತು. ಬೆಂಚಿಗೆ ಒಬ್ಬರು, ಶಿಕ್ಷಕರು ಕೋಣೆಯ ಹೊರಗೆ, ಪ್ರತಿಯೊಬ್ಬರಿಗೂ ಲಕೋಟೆ. ಮೊದಲಿಗೆ ಆಟ, ಊಟ, ಸ್ನೇಹಿತರ ಪ್ರಶ್ನೆಗಳು, ನಡುವೆ ಕಷ್ಟದವು, ಕೊನೆಗೆ ಮತ್ತೆ ಹಗುರಾದವು. ಬೇಡವೆನಿಸಿದ ಪ್ರಶ್ನೆ ಬಿಡಬಹುದು, ಎದ್ದು ಹೋಗಬಹುದು ಎಂಬುದನ್ನು ಕಷ್ಟದ ಭಾಗಕ್ಕೆ ಮುಂಚೆ ಮತ್ತೊಮ್ಮೆ ಹೇಳಿ. ಕೌನ್ಸೆಲರ್ ಒಬ್ಬರು ಪಕ್ಕದ ಕೋಣೆಯಲ್ಲಿ ಇರಲೇಬೇಕು. ಹಾಳೆಗಳು ಕೈಸೇರಿದ ಕೂಡಲೇ, ಶಾಲೆ ಬಿಡುವ ಮುಂಚೆಯೇ, ಒಂಬತ್ತನೇ ಪ್ರಶ್ನೆ ಮತ್ತು ಹಿಂಸೆಯ ಪ್ರಶ್ನೆಗಳ ಮೇಲೆ ಕಣ್ಣಾಡಿಸಿ. ಆ ಮಕ್ಕಳನ್ನು ಮಾತ್ರ ಕರೆದರೆ ಗುಟ್ಟು ಬಯಲಾಗುತ್ತದೆ, ಹಾಗಾಗಿ ಯಾವ ಗುರುತೂ ಹಾಕದ ಒಂದಿಬ್ಬರನ್ನೂ ‘ಉತ್ತರ ಸರಿಯಾಗಿ ಬಿದ್ದಿದೆಯಾ ನೋಡೋಣ’ ಎಂದು ಜೊತೆಗೆ ಕರೆಯಿರಿ. ಮಗು ಏನಾದರೂ ಹೇಳಿದರೆ ಅದರ ಮಾತುಗಳನ್ನೇ ಬರೆದುಕೊಳ್ಳಿ. ಯಾರು, ಎಷ್ಟು ಸಲ, ಹೇಗೆ ಎಂದು ತನಿಖೆಗೆ ಇಳಿಯಬೇಡಿ. ಅದು ನಿಮ್ಮ ಕೆಲಸವಲ್ಲ, ಮುಂದೆ ಹೇಳಿಕೆ ದಾಖಲಿಸುವವರ ಕೆಲಸವನ್ನೂ ಕೆಡಿಸುತ್ತದೆ. ಈ ಪರಿಶೀಲನೆಗೆ ಹೊತ್ತು ಬೇಕು, ದಿನಕ್ಕೆ ಎರಡು ತರಗತಿಗಿಂತ ಹೆಚ್ಚು ಹಿಡಿಯಬೇಡಿ.

ವಿಶ್ಲೇಷಣೆಯಲ್ಲಿ ಪದೇಪದೇ ಕಾಣುವ ಎರಡು ದೋಷ ಹೇಳಿ ಮುಂದೆ ಹೋಗುತ್ತೇನೆ. ಎಸಿಇ ಪಟ್ಟಿಗೆ, ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಅಳೆಯುವ ಕ್ರಾನ್‌ಬಾಕ್ ಆಲ್ಫಾ ಲೆಕ್ಕ ಹಾಕಿ ‘0.6 ಬಂತು, ಸಾಧನ ವಿಶ್ವಾಸಾರ್ಹವಲ್ಲ’ ಎನ್ನುವುದು ಒಂದು. ಅಪ್ಪನ ಕುಡಿತ, ತಾಯಿಯ ಸಾವು, ಶಾಲೆಯ ಹೊಡೆತ ಒಂದೇ ಗುಣದ ಲಕ್ಷಣಗಳಲ್ಲ, ಬೇರೆ ಬೇರೆ ಘಟನೆಗಳು. ಅವು ಒಟ್ಟಿಗೇ ಬರಬೇಕೆಂದಿಲ್ಲ, ಆಲ್ಫಾ ಇಲ್ಲಿ ಅನ್ವಯಿಸುವುದಿಲ್ಲ. ಇನ್ನೊಂದು, ಒಂದೇ ದಿನ ತುಂಬಿಸಿದ ಮೂರು ಪ್ರಶ್ನಾವಳಿಗಳಿಂದ ‘ಆಘಾತ, ಅದರಿಂದ ಆತ್ಮವಿಶ್ವಾಸ ಕುಸಿತ, ಅದರಿಂದ ಖಿನ್ನತೆ’ ಎಂಬ ಮೀಡಿಯೇಷನ್ ಮಾದರಿ ಕಟ್ಟುವುದು. ಇವತ್ತು ಖಿನ್ನತೆಯಲ್ಲಿರುವವರು ತಮ್ಮ ಬಾಲ್ಯವನ್ನೂ ತಮ್ಮನ್ನೂ ಕಪ್ಪಾಗಿಯೇ ನೋಡಬಹುದು. ಯಾವುದು ಮೊದಲು, ಯಾವುದು ನಂತರ ಎಂದು ಆ ಮಾಹಿತಿ ಹೇಳಲಾರದು.

ನಿಮ್ಮ ಅಳುಕಿನ ವಿಚಾರ. ಈ ಕೆಲಸ ಮಾಡುವವರಿಗೆ ನಿದ್ದೆಗೆಡುವುದು, ಕೇಳಿದ ದೃಶ್ಯ ಮರುಕಳಿಸುವುದು, ಸಿಟ್ಟು, ಇಲ್ಲವೇ ಯಾವುದೂ ತಟ್ಟದ ಮರಗಟ್ಟುವಿಕೆ ಬರುವುದುಂಟು. ಮುಂದೆ ಸಂದರ್ಶನವನ್ನೂ ಮಾಡುವುದಾದರೆ, ಸಂದರ್ಶನಕ್ಕಿಂತ ಅದರ ರೆಕಾರ್ಡಿಂಗ್ ಕೇಳಿ ಬರೆದುಕೊಳ್ಳುವ ಕೆಲಸ ಹೆಚ್ಚು ಕಾಡಬಹುದು, ಏಕೆಂದರೆ ಅದೇ ವಾಕ್ಯವನ್ನು ನಾಲ್ಕು ಸಲ ಹಿಂದಿರುಗಿಸಿ ಕೇಳುತ್ತೀರಿ, ಎದುರಿಗೆ ಸಮಾಧಾನ ಹೇಳಲು ಆ ವ್ಯಕ್ತಿ ಇರುವುದಿಲ್ಲ. ದಿನಕ್ಕೆ ಎರಡಕ್ಕಿಂತ ಹೆಚ್ಚು ಸಂದರ್ಶನ ಬೇಡ. ಲಿಪ್ಯಂತರ ರಾತ್ರಿ ಮಲಗುವ ಮುಂಚೆ ಬೇಡ. ಹದಿನೈದು ದಿನಕ್ಕೊಮ್ಮೆ ನಿಮ್ಮ ಅಂಕ, ಪ್ರಗತಿಗೆ ಸಂಬಂಧಪಡದ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಜೊತೆ ಕೂತು ಮಾತಾಡುವ ಏರ್ಪಾಡನ್ನು ಸಿನಾಪ್ಸಿಸ್‌ನಲ್ಲೇ ಬರೆಯಿರಿ, ಅದರ ಖರ್ಚನ್ನು ಬಜೆಟ್‌ಗೆ ಹಾಕಿ. ಲಿಪ್ಯಂತರಕ್ಕೆ ಬೇರೆಯವರನ್ನು ಇಟ್ಟುಕೊಂಡರೆ ಈ ಸೌಲಭ್ಯ ಅವರಿಗೂ ಸಲ್ಲಬೇಕು. ನಿಮ್ಮದೇ ಬಾಲ್ಯದಲ್ಲಿ ಇಂಥ ನೋವಿದ್ದರೆ ಅದು ಈ ಕೆಲಸಕ್ಕೆ ಅಡ್ಡಿಯಲ್ಲ. ಆದರೆ ಫೀಲ್ಡಿಗೆ ಇಳಿಯುವ ಮುಂಚೆ ಅದರ ಬಗ್ಗೆ ನೀವು ಯಾರೊಡನೆಯಾದರೂ ಮಾತಾಡಿರಬೇಕು.

ವ್ಯವಹಾರದ ಮಾತು ಚುಟುಕಾಗಿ: ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ, ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರ ಪರಿಷ್ಕರಣೆಯಂತೆ ಮೊದಲೆರಡು ವರ್ಷ ತಿಂಗಳಿಗೆ ₹37,000, ಆಮೇಲೆ ₹42,000. ಪಿಎಚ್‌ಡಿ ನಿಮ್ಮನ್ನು ಚಿಕಿತ್ಸಕರನ್ನಾಗಿ ಮಾಡುವುದಿಲ್ಲ, ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಮಂಡಳಿಯ ಮಾನ್ಯತೆಯ ಕೋರ್ಸ್ ಮತ್ತು ನೋಂದಣಿ ಬೇರೆಯೇ ಬೇಕು. ಗೈಡ್ ಆರಿಸಿಕೊಳ್ಳುವಾಗ ಅವರ ಪ್ರಕಟಣೆಗಳ ಪಟ್ಟಿಗಿಂತ ಮೊದಲು ಕೇಳಬೇಕಾದ್ದು: ನಿಮ್ಮ ವಿಭಾಗಕ್ಕೆ ಸಕ್ರಿಯ ಎಥಿಕ್ಸ್ ಸಮಿತಿ ಇದೆಯೇ, ಮಗುವೊಂದು ದೌರ್ಜನ್ಯದ ಬಗ್ಗೆ ಹೇಳಿದಾಗ ಹಿಂದಿನ ವಿದ್ಯಾರ್ಥಿಗಳು ಏನು ಮಾಡಿದರು, ಆ ಹೊತ್ತಿಗೆ ನಾನು ಫೋನ್ ಮಾಡಿದರೆ ನೀವು ಎತ್ತುತ್ತೀರಾ. ಸಮಿತಿ ಇಲ್ಲವೆಂದಾದರೆ ವೈದ್ಯಕೀಯ ಕಾಲೇಜಿನ ಮನೋವೈದ್ಯರೊಬ್ಬರನ್ನು ಸಹ ಮಾರ್ಗದರ್ಶಕರಾಗಿ ಪಡೆದು ಅಲ್ಲಿನ ಸಮಿತಿಗೆ ಅರ್ಜಿ ಹಾಕಬಹುದು. ಮೂರನೆಯದಕ್ಕೆ ಉತ್ತರ ತಡವರಿಸಿದರೆ ಬೇರೆ ಗೈಡ್ ನೋಡಿ.